ತಮ್ಮನ್ನು ತಾವೇ ಹೊಡೆದುಕೊಳ್ಳುವ ವಯಸ್ಕರು: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡ ಜಿಲ್ಲೆಯ ಶಿರಸಿಯಲ್ಲಿ ನೆಲೆಸಿ, ಘಟ್ಟದ ಮೇಲಿನ ಸಿದ್ದಾಪುರ, ಯಲ್ಲಾಪುರಗಳಿಗೂ ಕೆಳಗಿನ ಕುಮಟಾ, ಅಂಕೋಲಾ, ಕಾರವಾರಗಳಿಗೂ ಓಡಾಡುತ್ತ, ಬೌದ್ಧಿಕ ಅಂಗವೈಕಲ್ಯವಿರುವ ವಯಸ್ಕರ ಮನೆಗಳಿಗೆ ಹೋಗಿಬರುವ ವಿಶೇಷ ಶಿಕ್ಷಕಿ ನಾನು. ಯಾವ ಮನೆಗೆ ಹೋದರೂ ಕುಡಿಯಲು ಆಸರಿ ಕೊಟ್ಟು ಕೂರಿಸಿ, ಊರಿನ ಸುದ್ದಿ ಮುಗಿದ ಮೇಲೆ ದನಿ ತಗ್ಗಿಸಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವುಗಳಿಗೆ ನಾನು ಕೊಡುತ್ತ ಬಂದಿರುವ ಉತ್ತರಗಳು ಇಲ್ಲಿವೆ. ಉದಾಹರಣೆಯಾಗಿ ಬರುವ ಮನೆಗಳ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇದನ್ನು ಓದಿ ವೈದ್ಯರ ಭೇಟಿಯನ್ನು ಮುಂದೂಡಬೇಡಿ ಎಂಬುದು ನನ್ನ ಮೊದಲ ವಿನಂತಿ.

ಸ್ವಹಾನಿ ಎಂದರೆ ಯಾವುದು? ಇದು ಸಾಯಬೇಕೆಂದು ಮಾಡಿಕೊಳ್ಳುವುದೇ?

ತಲೆಯನ್ನು ಗೋಡೆಗೆ ಅಥವಾ ಕಂಬಕ್ಕೆ ಚಚ್ಚಿಕೊಳ್ಳುವುದು, ಮುಷ್ಟಿಯಿಂದ ಹಣೆಗೆ, ಕೆನ್ನೆಗೆ, ಕಿವಿಗೆ ಹೊಡೆದುಕೊಳ್ಳುವುದು, ಕೈ ಕಚ್ಚಿಕೊಳ್ಳುವುದು, ಒಣಗುತ್ತಿರುವ ಗಾಯದ ಹೊಪ್ಪಳೆಯನ್ನು ಕಿತ್ತು ಕಿತ್ತು ಹುಣ್ಣು ಮಾಡಿಕೊಳ್ಳುವುದು, ಕಣ್ಣಿಗೆ ಬೆರಳು ಒತ್ತಿಕೊಳ್ಳುವುದು, ಕೂದಲು ಕಿತ್ತುಕೊಳ್ಳುವುದು, ಇವೆಲ್ಲ ಸ್ವಹಾನಿಯ ರೂಪಗಳು. ಬದುಕು ಬೇಡವೆನಿಸಿ ತನ್ನ ಮೇಲೆ ಗಾಯ ಮಾಡಿಕೊಳ್ಳುವವರ ಸಂಕಟವೇ ಬೇರೆ, ಅದರ ಚಿಕಿತ್ಸೆಯೂ ಬೇರೆ. ಇಲ್ಲಿ ಹೇಳುತ್ತಿರುವುದು, ಬೌದ್ಧಿಕ ಅಂಗವೈಕಲ್ಯವಿದ್ದು, ಹೆಚ್ಚಿನ ಸಲ ಮಾತು ಬಾರದ ಅಥವಾ ಕಡಿಮೆ ಬರುವ ವಯಸ್ಕರು ಮತ್ತೆ ಮತ್ತೆ, ಒಂದೇ ರೀತಿಯಲ್ಲಿ ತಮ್ಮ ದೇಹಕ್ಕೆ ಪೆಟ್ಟು ಮಾಡಿಕೊಳ್ಳುವುದರ ಬಗ್ಗೆ.

ಆದರೂ ಇದನ್ನು ಹಗುರವಾಗಿ ಕಾಣುವಂತಿಲ್ಲ. ಮುಖಕ್ಕೆ ವರ್ಷಗಟ್ಟಲೆ ಬೀಳುವ ಪೆಟ್ಟಿನಿಂದ ಕಣ್ಣಿನ ಅಕ್ಷಿಪಟಲ ಕಳಚಿ ದೃಷ್ಟಿಯೇ ಹೋಗಬಹುದು. ಕಚ್ಚಿದ ಗಾಯ ಕೀವಾಗಿ ಸೋಂಕು ಮೂಳೆಯವರೆಗೆ ಇಳಿಯಬಹುದು. ತಲೆಗೆ ಜೋರಾಗಿ ಪೆಟ್ಟು ಬಿದ್ದ ಮೇಲೆ ವಾಂತಿ, ಅಸಹಜವಾದ ನಿದ್ದೆಗಣ್ಣು, ಫಿಟ್ಸ್, ಒಂದು ಕೈ ಅಥವಾ ಕಾಲಿನಲ್ಲಿ ಬಲ ಕಡಿಮೆಯಾಗುವುದು, ಎರಡು ಕಣ್ಣಿನ ಪಾಪೆಗಳು ಬೇರೆ ಬೇರೆ ಗಾತ್ರದಲ್ಲಿ ಕಾಣುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಹತ್ತಿರದ ಆಸ್ಪತ್ರೆಗೆ ಹೊರಡಬೇಕು.

ಇದು ಹುಚ್ಚೋ, ಯಾವುದಾದರೂ ದೆವ್ವದ ಉಪದ್ರವವೋ?

ಬೌದ್ಧಿಕ ಅಂಗವೈಕಲ್ಯ ಮಾನಸಿಕ ಕಾಯಿಲೆಯಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಎರಡನ್ನು ಬೇರೆ ಬೇರೆಯಾಗಿಯೇ ನೋಡುತ್ತದೆ. ಒಬ್ಬರಲ್ಲಿ ಎರಡೂ ಇರಬಹುದು ಎಂಬುದು ಬೇರೆ ಮಾತು. ದೇವರ ಮುಂದೆ ಕಾಯಿ ಇಟ್ಟು ಪ್ರಾರ್ಥಿಸಿಕೊಳ್ಳುವುದನ್ನಾಗಲಿ, ಮಾರಿಕಾಂಬೆಗೆ ಹರಕೆ ಹೊರುವುದನ್ನಾಗಲಿ ನಾನು ಯಾರಿಗೂ ಬೇಡವೆಂದಿಲ್ಲ. ಮನೆಯವರ ಮನಸ್ಸಿಗೆ ಅದರಿಂದ ಬಲ ಬರುತ್ತದೆ. ಆದರೆ ಉಪದ್ರವ ಬಿಡಿಸುತ್ತೇವೆಂದು ಹೊಡೆಯುವವರ, ಹೊಗೆ ಹಾಕುವವರ, ಉಪವಾಸ ಕೆಡವುವವರ ಬಳಿ ದಯವಿಟ್ಟು ಕರೆದೊಯ್ಯಬೇಡಿ.

ಮೊದಲು ಯಾರಿಗೆ ತೋರಿಸಬೇಕು?

ಸಾಮಾನ್ಯ ವೈದ್ಯರಿಗೆ ಮತ್ತು ಹಲ್ಲಿನ ವೈದ್ಯರಿಗೆ. ಮನೋವೈದ್ಯರ ಸರದಿ ಆಮೇಲೆ. ಈ ಕ್ರಮ ತಪ್ಪಿದ್ದರಿಂದ ಆದ ತೊಂದರೆಯನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕರಾವಳಿಯ ಒಂದು ಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷದ ಹೆಣ್ಣುಮಗಳೊಬ್ಬರು ಒಂದೇ ಸಮನೆ ಎಡಗೆನ್ನೆಗೆ ಹೊಡೆದುಕೊಳ್ಳಲು ಶುರುಮಾಡಿದರು. ಅದಕ್ಕೆ ಮುಂಚೆ ಅವರಿಗೆ ಆ ಅಭ್ಯಾಸ ಇರಲಿಲ್ಲ. ಮನೆಯವರು ತೋರಿಸಿದ ಕಡೆ ಬಾಯಿ ತೆರೆಸಿ ನೋಡದೆ ನಿದ್ದೆಯ ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ಅವರು ಹಗಲೆಲ್ಲ ತೂಕಡಿಸಿದರು, ಎಚ್ಚರವಾದಾಗ ಮತ್ತೆ ಅದೇ ಕೆನ್ನೆಗೆ ಹೊಡೆದುಕೊಂಡರು. ಮೂರನೆಯ ವಾರ ನಾನು ಹೋದಾಗ ಅವರ ತಾಯಿ ಬಾಳೆಹಣ್ಣನ್ನು ಕಿವುಚಿ ತಿನ್ನಿಸುತ್ತಿದ್ದರು. ಮಗಳು ಬಲಬದಿಯಲ್ಲಷ್ಟೇ ನುಂಗುತ್ತಿದ್ದದ್ದನ್ನು ತೋರಿಸಿ, "ಹೀಗೆ ವಾರೆ ತಿನ್ನುವುದು ಈಗೀಗ" ಎಂದರು. ಎಡಗಡೆಯ ಕೆಳದವಡೆಯ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ಹಲ್ಲು ತೆಗೆಸಿದ ನಾಲ್ಕು ದಿನಕ್ಕೆ ಹೊಡೆತ ನಿಂತಿತು.

ಹಲ್ಲಿನಂತೆಯೇ ಕಿವಿಯ ಸೋಂಕು, ಮಲಬದ್ಧತೆ, ಎದೆಯುರಿ, ಮೂತ್ರದ ಸೋಂಕು, ತಲೆನೋವು, ಮುಟ್ಟಿನ ಹೊಟ್ಟೆನೋವು, ಚರ್ಮದ ತುರಿಕೆ, ನಿದ್ದೆಗೇಡು, ಕೆಲವು ಮಾತ್ರೆಗಳ ಅಡ್ಡಪರಿಣಾಮ, ಇವೆಲ್ಲ ಸ್ವಹಾನಿಗೆ ಕಾರಣವಾಗಬಹುದು. ಹೊಸದಾಗಿ ಶುರುವಾದದ್ದು, ಇದ್ದಕ್ಕಿದ್ದಂತೆ ಹೆಚ್ಚಾದದ್ದು, ದೇಹದ ಒಂದೇ ಜಾಗಕ್ಕೆ ಬೀಳುತ್ತಿರುವುದು, ಈ ಮೂರರಲ್ಲಿ ಯಾವುದಿದ್ದರೂ ನೋವನ್ನೇ ಮೊದಲು ಶಂಕಿಸಬೇಕು. ಹೆಣ್ಣುಮಕ್ಕಳಿದ್ದರೆ ಮುಟ್ಟಿನ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಡಿ. ಎರಡು ಮೂರು ತಿಂಗಳಲ್ಲಿ ಸಂಬಂಧ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಕೆಲವು ವಂಶವಾಹಿ ಸ್ಥಿತಿಗಳಲ್ಲಿ ಸ್ವಹಾನಿ ಸ್ವಭಾವದಂತೆಯೇ ಸೇರಿಕೊಂಡಿರುತ್ತದೆ. 1964ರಲ್ಲಿ ಮೊದಲು ವಿವರಿಸಲಾದ ಲೆಶ್-ನೈಹಾನ್ ಸಿಂಡ್ರೋಮ್‌ನಲ್ಲಿ ತುಟಿ ಮತ್ತು ಬೆರಳು ಕಚ್ಚಿಕೊಳ್ಳುವುದು, ಪ್ರೇಡರ್-ವಿಲ್ಲಿ ಸಿಂಡ್ರೋಮ್‌ನಲ್ಲಿ ಚರ್ಮ ಕೀಳುವುದು, ಫ್ರಜೈಲ್ ಎಕ್ಸ್‌ನಲ್ಲಿ ಕೈ ಕಚ್ಚಿಕೊಳ್ಳುವುದು ಹೆಚ್ಚು. ಇಂಥ ಹೆಸರು ಗೊತ್ತಾದರೆ ವೈದ್ಯರಿಗೆ ದಾರಿ ಸುಲಭವಾಗುತ್ತದೆ. ಹಾಗೆಂದು ಹೆಸರು ಸಿಕ್ಕಿದ ಮಾತ್ರಕ್ಕೆ ಮುಂದಿನ ಪ್ರಶ್ನೆಗಳು ಅನಗತ್ಯವಾಗುವುದಿಲ್ಲ.

ದೇಹದಲ್ಲಿ ಏನೂ ತೊಂದರೆಯಿಲ್ಲ ಎಂದರು. ಹಾಗಾದರೆ ಏಕೆ ಹೊಡೆದುಕೊಳ್ಳುತ್ತಾನೆ?

ಆ ಹೊಡೆತದಿಂದ ಅವರ ಯಾವುದೋ ಒಂದು ಕೆಲಸ ಆಗುತ್ತಿರುತ್ತದೆ. ವರ್ತನಾ ಚಿಕಿತ್ಸೆಯೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ.

ಬ್ರಯನ್ ಇವಾಟಾ ಮತ್ತು ಸಂಗಡಿಗರು ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಡೆಸಿ 1982ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಚಾರವನ್ನು ಪರೀಕ್ಷೆಗೆ ಒಡ್ಡಿತು. ಒಬ್ಬೊಬ್ಬರನ್ನೂ ಹದಿನೈದು ಹದಿನೈದು ನಿಮಿಷಗಳ ಬೇರೆ ಬೇರೆ ಸನ್ನಿವೇಶಗಳಲ್ಲಿ ಕೂರಿಸಿ ಗಮನಿಸಿದರು. ಒಂದರಲ್ಲಿ, ಹೊಡೆದುಕೊಂಡಾಗ ಮಾತ್ರ ಜೊತೆಯಲ್ಲಿದ್ದವರು ಹತ್ತಿರ ಬಂದು ಮಾತಾಡಿಸುತ್ತಿದ್ದರು. ಇನ್ನೊಂದರಲ್ಲಿ ಕೆಲಸ ಹೇಳುತ್ತಿದ್ದರು, ಹೊಡೆದುಕೊಂಡರೆ ಕೆಲಸ ನಿಲ್ಲಿಸುತ್ತಿದ್ದರು. ಮತ್ತೊಂದರಲ್ಲಿ ಕೋಣೆಯಲ್ಲಿ ಏನೂ ಇಲ್ಲದೆ ಒಂಟಿಯಾಗಿ ಬಿಡುತ್ತಿದ್ದರು. ಹೋಲಿಸಿ ನೋಡಲೆಂದು, ಆಟಿಕೆಯೂ ಅಕ್ಕರೆಯೂ ಇದ್ದು ಯಾವ ಒತ್ತಾಯವೂ ಇಲ್ಲದ ಸನ್ನಿವೇಶವೂ ಒಂದಿತ್ತು. ಯಾವ ಸನ್ನಿವೇಶದಲ್ಲಿ ಹೊಡೆತ ಹೆಚ್ಚಾಗುತ್ತದೆ ಎಂಬುದು ಆಯಾ ವ್ಯಕ್ತಿಗೆ ತಕ್ಕಂತೆ ಬೇರೆಯಾಗಿತ್ತು. ಹೊರಗಿನಿಂದ ಒಂದೇ ರೀತಿ ಕಾಣುವ ಹೊಡೆತದ ಹಿಂದಿನ ಕಾರಣಗಳು ಒಂದೇ ಅಲ್ಲವೆಂದು ಅದರಿಂದ ಸ್ಪಷ್ಟವಾಯಿತು. 1994ರಲ್ಲಿ ಇವಾಟಾ ಮತ್ತು ಸಂಗಡಿಗರು ಇಂಥ 152 ಪ್ರಕರಣಗಳನ್ನು ಒಟ್ಟಿಗೆ ನೋಡಿದಾಗ, ನೂರಕ್ಕೆ 38ರಷ್ಟರಲ್ಲಿ ಬೇಡದ ಕೆಲಸದಿಂದ ಅಥವಾ ಸನ್ನಿವೇಶದಿಂದ ತಪ್ಪಿಸಿಕೊಳ್ಳುವುದು, ಸುಮಾರು 26ರಷ್ಟರಲ್ಲಿ ಇತರರ ಗಮನ ಅಥವಾ ತಿಂಡಿ, ವಸ್ತು ಪಡೆಯುವುದು, ಸರಿಸುಮಾರು ಅಷ್ಟರಲ್ಲೇ ಹೊಡೆತದಿಂದ ದೇಹಕ್ಕೆ ಸಿಗುವ ಸಂವೇದನೆಯೇ ಕಾರಣವಾಗಿ ಕಂಡಿತು.

ಆದ್ದರಿಂದ "ಎಲ್ಲ ಗಮನ ಸೆಳೆಯುವುದಕ್ಕೆ ಮಾಡುವ ನಾಟಕ" ಎಂದು ನೆಂಟರು ಹೇಳಿದರೆ ನಂಬಬೇಡಿ. ನಾಟಕ ಎಂಬ ಮಾತೇ ಸರಿಯಲ್ಲ. ಕಲಿತದ್ದು ಎನ್ನಿ. ಮಾತು ಬಾರದವರಿಗೆ ಬೇರೆ ಯಾವ ದಾರಿಯಲ್ಲೂ ಆಗದ ಕೆಲಸ ಒಂದು ದಿನ ಆಕಸ್ಮಿಕವಾಗಿ ಹೊಡೆತದಿಂದ ಆಗಿರುತ್ತದೆ. ಮರುದಿನವೂ ಆಗಿರುತ್ತದೆ. ಇಪ್ಪತ್ತು ವರ್ಷ ಹಾಗೆಯೇ ಆಗುತ್ತ ಬಂದಿರುತ್ತದೆ. ಇದಕ್ಕೆ ಮನಶ್ಶಾಸ್ತ್ರದಲ್ಲಿ ಪುನರ್ಬಲನ ಎನ್ನುತ್ತಾರೆ.

ನಮ್ಮ ಮನೆಯಲ್ಲಿ ಕಾರಣ ಹುಡುಕುವುದು ಹೇಗೆ?

ಒಂದು ನೋಟ್‌ಬುಕ್ ಸಾಕು. ಪುಟದಲ್ಲಿ ಗೆರೆ ಎಳೆದು ನಾಲ್ಕು ಕಾಲಂ ಮಾಡಿ: ಹೊತ್ತು, ಹೊಡೆತಕ್ಕೆ ತುಸು ಮೊದಲು ಏನಾಗುತ್ತಿತ್ತು, ಹೇಗೆ ಎಷ್ಟು ಹೊಡೆದುಕೊಂಡರು, ಆಮೇಲೆ ಮನೆಯವರು ಏನು ಮಾಡಿದರು. "ಸಿಟ್ಟು ಬಂತು", "ಹಟ ಮಾಡಿದ" ಎಂದು ಬರೆಯಬೇಡಿ, ಕಂಡದ್ದನ್ನಷ್ಟೇ ಬರೆಯಿರಿ. ನಾಲ್ಕನೆಯ ಕಾಲಂ ಖಾಲಿ ಬಿಡುವುದು ಎಲ್ಲರೂ ಮಾಡುವ ತಪ್ಪು. ನಾವು ಮಾಡಿದ್ದು ನಮಗೆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಉತ್ತರ ಹೆಚ್ಚಾಗಿ ಸಿಗುವುದು ಅದರಲ್ಲೇ.

ಶಿರಸಿಯ ಹತ್ತಿರದ ಒಂದು ತೋಟದ ಮನೆಯ ನೋಟ್‌ಬುಕ್ ನನ್ನ ಕಣ್ಣ ಮುಂದೆ ಈಗಲೂ ಇದೆ. ಆ ಮನೆಯ ಮಗನಿಗೆ ಮೂವತ್ತೊಂದು ವರ್ಷ, ಮಾತಿಲ್ಲ. ಮನೆಯಲ್ಲಿ ಎಲ್ಲರೂ ಅವರನ್ನು ಮಾಣಿ, ಎಂದರೆ ಹುಡುಗ, ಎಂದೇ ಕರೆಯುತ್ತಿದ್ದರು. ಪ್ರೀತಿಯ ಕರೆಯೇ ಆದರೂ, ಮೂವತ್ತು ದಾಟಿದವರಿಗೆ ವಯಸ್ಕರ ಇಷ್ಟಾನಿಷ್ಟಗಳಿರುತ್ತವೆ ಎಂಬುದು ಆ ಕರೆಯಲ್ಲಿ ಮರೆತುಹೋಗದಿರಲಿ ಎಂದು ನನಗೆ ಪ್ರತಿಸಲವೂ ಅನಿಸುತ್ತದೆ. ಅಡಿಕೆಯ ಕೊನೆಕೊಯ್ಲಿನ ದಿನಗಳಲ್ಲಿ ಅವರ ಹೊಡೆತ ವಿಪರೀತವಾಗುತ್ತಿತ್ತು. "ನಾಲ್ಕು ಜನ ಬಂದ ಕೂಡಲೇ ನಾವು ಅವನನ್ನು ನೋಡುವುದಿಲ್ಲವೆಂದು ಸಿಟ್ಟು" ಎಂಬುದು ಮನೆಯವರ ತೀರ್ಮಾನವಾಗಿತ್ತು. ಅತ್ತಿಗೆ ಒಂಬತ್ತು ದಿನ ಬರೆದರು. ಒಂದು ಸಾಲು ಹೀಗಿತ್ತು: "ಸಂಜೆ 6.40. ಸುಲಿಯುವವರು ಮೆಟ್ಟುಗತ್ತಿ ಹಾಕಿಕೊಂಡು ಜಗಲಿಯಲ್ಲಿ ಕುಳಿತರು, ರೇಡಿಯೋ ಹಚ್ಚಿದರು. ಬಲಗೈ ಮುಷ್ಟಿಯಲ್ಲಿ ಹಣೆಗೆ ಏಳು ಸಲ. ಆಯಿ ಬಂದು ಕೈಹಿಡಿದು ಒಳಕೋಣೆಗೆ ಕರೆದುಕೊಂಡು ಹೋದರು, ಸುಮ್ಮನಾದ." ಒಟ್ಟು ಇಪ್ಪತ್ಮೂರು ಸಾಲುಗಳಲ್ಲಿ ಹತ್ತೊಂಬತ್ತು ಸಾಲುಗಳ ಕೊನೆಯ ಕಾಲಂನಲ್ಲಿ "ಒಳಕೋಣೆಗೆ" ಎಂಬ ಪದವಿತ್ತು. ಒಳಕೋಣೆಯಲ್ಲಿ ಆಯಿ, ಎಂದರೆ ಅವರ ತಾಯಿ, ಜೊತೆಗಿರಲಿ, ಬಾಗಿಲು ಸರಿಸಿ ಹೊರಟುಹೋಗಲಿ, ಅವರು ಸುಮ್ಮನೇ ಇರುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಜನರ ಗಮನವಲ್ಲ, ಸದ್ದಿನಿಂದ ಬಿಡುಗಡೆ. ಹಣೆಗೆ ಏಳು ಹೊಡೆದರೆ ಬಾಗಿಲು ತೆರೆಯುತ್ತದೆ ಎಂಬುದನ್ನು ಅಷ್ಟು ವರ್ಷಗಳಲ್ಲಿ ಅವರಿಗೆ ಕಲಿಸಿದವರು, ಅರಿವಿಲ್ಲದೆ, ಅವರನ್ನು ಅತ್ಯಂತ ಪ್ರೀತಿಸುವವರೇ ಆಗಿದ್ದರು.

ತಜ್ಞರು ನಡೆಸುವ ಪೂರ್ಣ ಪರೀಕ್ಷೆಯಲ್ಲಿ ಸನ್ನಿವೇಶಗಳನ್ನು ಉದ್ದೇಶಪೂರ್ವಕವಾಗಿ ಸೃಷ್ಟಿಸುತ್ತಾರೆ. ಗಾಯವಾಗದಂತೆ ತಡೆಯುವ ಸಿದ್ಧತೆಯೂ ಯಾವಾಗ ನಿಲ್ಲಿಸಬೇಕೆಂಬ ನಿಯಮವೂ ಇಟ್ಟುಕೊಂಡು ಮಾಡುವ ಪರೀಕ್ಷೆ ಅದು. ಅದನ್ನು ಮನೆಯಲ್ಲಿ ಅನುಕರಿಸಬಾರದು. ನೋಟ್‌ಬುಕ್ ಮಾತ್ರ ಯಾರು ಬೇಕಾದರೂ ಬರೆಯಬಹುದು. ವೈದ್ಯರ ಬಳಿ ಹೋಗುವಾಗ ಕೈಯಲ್ಲಿ ಅದಿದ್ದರೆ ಅರ್ಧ ಕೆಲಸ ಆದಂತೆ.

ಕಾರಣ ಗೊತ್ತಾಯಿತು. ಚಿಕಿತ್ಸೆ ಹೇಗೆ?

ಹೊಡೆತದಿಂದ ಆಗುತ್ತಿದ್ದ ಕೆಲಸವೇ ಅದಕ್ಕಿಂತ ಸುಲಭವಾದ, ನೋವಿಲ್ಲದ ಒಂದು ದಾರಿಯಿಂದ ಆಗುವಂತೆ ಮಾಡಬೇಕು. ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ಬೆಳವಣಿಗೆಯ ತೊಂದರೆಯಿದ್ದ ಮಕ್ಕಳಿಗೆ ಗಮನವನ್ನೋ ಸಹಾಯವನ್ನೋ ಕೇಳುವ ಮಾತನ್ನು ಕಲಿಸಿದಾಗ ತೊಂದರೆಯ ವರ್ತನೆ ತಗ್ಗಿದ್ದನ್ನು ತೋರಿಸಿದರು. ಆ ವಿಧಾನ ಈಗ ವಯಸ್ಕರಿಗೂ ಬಳಕೆಯಲ್ಲಿದೆ. ಮಾತೇ ಆಗಬೇಕೆಂದಿಲ್ಲ, ಒಂದು ಸನ್ನೆ, ಒಂದು ಚಿತ್ರ, ಮೊಬೈಲಿನ ಒಂದು ಗುಂಡಿ, ಕೈಗೆ ಕೊಡುವ ಒಂದು ವಸ್ತು, ಯಾವುದಾದರೂ ಆದೀತು.

ಆ ತೋಟದ ಮನೆಯಲ್ಲಿ ಅಡಿಕೆ ಹಾಳೆಯ ಅಂಗೈಯಗಲದ ಒಂದು ತುಂಡನ್ನು ಕತ್ತರಿಸಿ, ಅದರ ಮೇಲೆ ಬಾಗಿಲಿನ ಚಿತ್ರ ಬರೆದು, ಜಗಲಿಯ ಕಂಬಕ್ಕೆ ದಾರದಲ್ಲಿ ತೂಗುಹಾಕಿದೆವು. ಹಾಳೆಯ ನುಣುಪು ಅವರಿಗೆ ಇಷ್ಟ ಎಂಬುದು ಆಯಿಗೆ ಗೊತ್ತಿತ್ತು. ಸಂಜೆ ಸುಲಿಯುವವರು ಬಂದು ಕೂರುತ್ತಿದ್ದಂತೆ, ಅವರು ಹೊಡೆದುಕೊಳ್ಳುವುದಕ್ಕೆ ಮೊದಲೇ, ಅಣ್ಣ ಹಿಂದಿನಿಂದ ಮೆಲ್ಲಗೆ ಅವರ ಕೈಯನ್ನು ಹಾಳೆಯ ಮೇಲಿಡುತ್ತಿದ್ದರು. ಆಯಿ ಆ ಕ್ಷಣವೇ "ಒಳಗೆ ಹೋಪನ" ಎಂದು ಕರೆದೊಯ್ಯುತ್ತಿದ್ದರು. ತಡಮಾಡದೆ, ಪ್ರಶ್ನೆ ಕೇಳದೆ, ಪ್ರತಿಸಲ. ಹನ್ನೊಂದನೆಯ ದಿನ ಅಣ್ಣ ಕೈ ಹಿಡಿಯುವ ಮೊದಲೇ ಅವರು ತಾವಾಗಿ ಎದ್ದು ಹೋಗಿ ಹಾಳೆಯನ್ನು ಮುಟ್ಟಿದರು. ಸುಲಿಯುತ್ತಿದ್ದ ಹೆಂಗಸರೆಲ್ಲ ಕತ್ತಿ ಬಿಟ್ಟು ನೋಡುತ್ತ ಕುಳಿತದ್ದನ್ನು ಅತ್ತಿಗೆ ಫೋನಿನಲ್ಲಿ ಹೇಳುವಾಗ ಅವರ ಗಂಟಲು ಕಟ್ಟಿತ್ತು. ನನಗೂ ಮಾತು ಹೊರಡಲಿಲ್ಲ.

ಇದು ಮೊದಲ ಹಂತ. ಕೇಳಿದಾಗಲೆಲ್ಲ ಒಳಗೇ ಕರೆದೊಯ್ದರೆ ಅವರ ಬದುಕೆಲ್ಲ ಒಳಕೋಣೆಯಲ್ಲೇ ಕಳೆದೀತು. ಆದ್ದರಿಂದ ಕಲಿತದ್ದು ಗಟ್ಟಿಯಾದ ಮೇಲೆ ಹಾಳೆ ಮುಟ್ಟಿದ ನಂತರ ಐದು ಎಣಿಸುವಷ್ಟು, ಆಮೇಲೆ ಹತ್ತು, ಆಮೇಲೆ ಒಂದು ನಿಮಿಷ ಕಾಯುವುದನ್ನು ಕಲಿಸುತ್ತ ಹೋಗುತ್ತೇವೆ. ಜೊತೆಗೆ ಸದ್ದನ್ನೂ ತಗ್ಗಿಸಿದೆವು. ರೇಡಿಯೋ ಅಂಗಳದ ಆಚೆ ತುದಿಗೆ ಹೋಯಿತು. ಅವರ ಹುಟ್ಟುಗುಣವೆಂದೇ ಎಲ್ಲರೂ ತಿಳಿದಿದ್ದ ಹೊಡೆತದಲ್ಲಿ ಒಂದು ಪಾಲು ಆ ರೇಡಿಯೋದ್ದಾಗಿತ್ತು.

ಕಾರಣ ಬೇರೆಯಾದರೆ ಉಪಾಯವೂ ಬೇರೆ. ಸ್ನಾನ, ಉಗುರು ಕತ್ತರಿಸುವುದು, ಬಟ್ಟೆ ಹಾಕಿಕೊಳ್ಳುವುದು ಮುಂತಾದ ಕೆಲಸ ಹೇಳಿದಾಗ ಹೊಡೆದುಕೊಳ್ಳುವವರಿದ್ದರೆ ಕೆಲಸವನ್ನು ಚಿಕ್ಕ ತುಂಡು ಮಾಡಿ, ಯಾವುದು ಮೊದಲು ಎಂಬ ಆಯ್ಕೆಯನ್ನು ಅವರಿಗೇ ಕೊಟ್ಟು, ನಡುವೆ ವಿರಾಮ ಕೇಳುವ ಸನ್ನೆಯೊಂದನ್ನು ಕಲಿಸಬೇಕು. ಗಮನಕ್ಕಾಗಿ ಹೊಡೆದುಕೊಳ್ಳುವವರಿದ್ದರೆ ಹೊಡೆತಕ್ಕಾಗಿ ಕಾಯದೆ, ಗಡಿಯಾರ ನೋಡಿಕೊಂಡು ಹತ್ತು ಹತ್ತು ನಿಮಿಷಕ್ಕೊಮ್ಮೆ ಹೋಗಿ ಭುಜ ಮುಟ್ಟಿ ಎರಡು ಮಾತಾಡಿ ಬರಬೇಕು. ಹೊಟ್ಟೆ ತುಂಬಿದವರು ಊಟಕ್ಕಾಗಿ ಕೂಗುವುದಿಲ್ಲ, ಇದೂ ಹಾಗೆಯೇ. ಅಂತರವನ್ನು ನಿಧಾನವಾಗಿ ಹಿಗ್ಗಿಸಬಹುದು.

ಒಂಟಿಯಾಗಿದ್ದಾಗಲೂ, ಯಾರೂ ನೋಡದಿದ್ದಾಗಲೂ ನಡೆಯುವ ಸ್ವಹಾನಿ ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಅಲ್ಲಿ ಪ್ರತಿಫಲ ಹೊರಗಿನಿಂದ ಬರುತ್ತಿಲ್ಲ, ದೇಹವೇ ಕೊಡುತ್ತಿದೆ. ಅಂಥವರಿಗೆ ಅದೇ ಬಗೆಯ ಸಂವೇದನೆಯನ್ನು ಗಾಯವಿಲ್ಲದೆ ಕೊಡುವ ವಸ್ತುವನ್ನು ಹುಡುಕಬೇಕು, ದಿನವನ್ನು ಕೆಲಸದಿಂದ ತುಂಬಬೇಕು. ಅಂಕೋಲಾ ಕಡೆಯ ಒಬ್ಬರು ಅಂಗೈ ಹಿಂಭಾಗವನ್ನು ಗೋಡೆಗೆ ಉಜ್ಜಿ ಉಜ್ಜಿ ಸಿಪ್ಪೆ ಎಬ್ಬಿಸಿಕೊಳ್ಳುತ್ತಿದ್ದರು. ತೆಂಗಿನ ನಾರಿನ ಹಗ್ಗವನ್ನು ಕೈಗೆ ಕೊಟ್ಟಾಗ ಅದನ್ನು ತಿರುಚುತ್ತ, ಬಿಚ್ಚುತ್ತ ಗಂಟೆಗಟ್ಟಲೆ ಕುಳಿತರು. ಅದಕ್ಕೆ ಮೊದಲು ರಬ್ಬರ್ ಚೆಂಡು, ಬ್ರಷ್, ಹತ್ತಿಯ ದಿಂಬು ಎಲ್ಲ ಕೊಟ್ಟು ಸೋತಿದ್ದೆವು. ಹಗ್ಗದಿಂದ ಉಜ್ಜುವುದು ಪೂರ್ತಿ ನಿಂತಿಲ್ಲ. ಗಾಯ ಮಾಯುವಷ್ಟು ಕಡಿಮೆಯಾಗಿದೆ.

"ಲಕ್ಷ್ಯ ಕೊಡಬೇಡಿ, ತಾನಾಗಿ ನಿಲ್ಲುತ್ತದೆ" ಎನ್ನುತ್ತಾರೆ. ತಲೆ ಚಚ್ಚಿಕೊಳ್ಳುವಾಗ ಸುಮ್ಮನಿರುವುದು ಹೇಗೆ?

ಸುಮ್ಮನಿರಬಾರದು. ಹೊಡೆತದಿಂದ ಸಿಗುತ್ತಿದ್ದ ಫಲ ಸಿಗದಂತೆ ಮಾಡುವುದು ಚಿಕಿತ್ಸೆಯ ಒಂದು ಅಂಗ ಎಂಬುದು ನಿಜ. ಆದರೆ ಅದನ್ನೊಂದನ್ನೇ ಹಿಡಿದುಕೊಂಡರೆ ಅಪಾಯ. ಫಲ ನಿಂತ ಮೊದಮೊದಲು ಹೊಡೆತ ಕಡಿಮೆಯಾಗುವ ಬದಲು ಹೆಚ್ಚಾಗಬಹುದು, ಹೊಸ ರೂಪ ತಾಳಬಹುದು. ಮನೆಯವರು ಮೂರು ದಿನ ತಡೆದುಕೊಂಡು ನಾಲ್ಕನೆಯ ದಿನ ಕರಗಿದರೆ, ಇನ್ನೂ ಜೋರಾಗಿ ಹೊಡೆದುಕೊಂಡರೆ ಆಗುತ್ತದೆ ಎಂಬ ಪಾಠವೇ ಸಿಕ್ಕಂತಾಗುತ್ತದೆ. ಎರಡನೆಯದಾಗಿ, ಕಾರಣ ಗಮನವಲ್ಲದೆ ಬೇರೆಯಾಗಿದ್ದರೆ, ಲಕ್ಷ್ಯ ಕೊಡದಿರುವುದು ಚಿಕಿತ್ಸೆಯೇ ಅಲ್ಲ, ಬರಿಯ ನಿರ್ಲಕ್ಷ್ಯ.

ಗಾಯವಾಗುವಂತಿದ್ದರೆ ತಲೆ ಮತ್ತು ಗೋಡೆಯ ನಡುವೆ ದಿಂಬು ಅಥವಾ ನಿಮ್ಮ ಅಂಗೈ ಇಡಿ. ಮುಖದಲ್ಲಿ ಗಾಬರಿ, ಬೈಗುಳ, ಸಮಾಧಾನದ ಮಾತಿನ ಸುರಿಮಳೆ, ಯಾವುದೂ ಬೇಡ. ರಕ್ಷಣೆ ಕೊಡಿ, ಶಾಂತವಾಗಿರಿ, ಕಲಿಸಿದ ಸನ್ನೆಯನ್ನು ನೆನಪಿಸಿ. ಹೊಸ ದಾರಿಯನ್ನು ಕಲಿಸುವ ಮೊದಲು ಹಳೆಯ ದಾರಿಯನ್ನು ಮುಚ್ಚಬೇಡಿ.

ಒಂದೆರಡು ಪೆಟ್ಟು ಕೊಟ್ಟರೆ, ಕೈಗೆ ಖಾರ ಹಚ್ಚಿದರೆ ನಿಲ್ಲುತ್ತದೆ ಎನ್ನುತ್ತಾರಲ್ಲ?

ಬೇಡ. ಕ್ಷಣಕ್ಕೆ ನಿಂತಂತೆ ಕಂಡೀತು, ಅದೂ ಪೆಟ್ಟು ಕೊಡುವವರು ಎದುರಿಗಿದ್ದಾಗ ಮಾತ್ರ. 1960ರ ದಶಕದಲ್ಲಿ ಅಮೆರಿಕದ ಸಂಶೋಧಕರು ಮಕ್ಕಳಿಗೆ ವಿದ್ಯುತ್ ಆಘಾತ ಕೊಟ್ಟು ಸ್ವಹಾನಿ ನಿಲ್ಲಿಸಲು ನೋಡಿದ್ದರು. ಆ ಹಾದಿಯನ್ನು ಈ ಶಾಸ್ತ್ರ ಬಹುಮಟ್ಟಿಗೆ ಬಿಟ್ಟುಬಂದಿದೆ. ಶಿಕ್ಷೆ ಏನನ್ನೂ ಕಲಿಸುವುದಿಲ್ಲ. ಹೊಡೆತ ಏನನ್ನು ಕೇಳುತ್ತಿತ್ತೋ ಅದು ಹಾಗೆಯೇ ಉಳಿದಿರುತ್ತದೆ, ಅದರ ಮೇಲೆ ಭಯವೂ ಸೇರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 6ನೇ ಕಲಮು ಇವರನ್ನು ಕ್ರೌರ್ಯ ಮತ್ತು ಅಮಾನವೀಯ ವರ್ತನೆಯಿಂದ ರಕ್ಷಿಸುತ್ತದೆ. ಅದು ಆಸ್ಪತ್ರೆಗೂ ವಸತಿಗೃಹಕ್ಕೂ ಅನ್ವಯಿಸುವಷ್ಟೇ ನಮ್ಮ ಮನೆಯ ಜಗಲಿಗೂ ಅನ್ವಯಿಸುತ್ತದೆ.

ಕೈ ಕಟ್ಟಿಹಾಕುವುದು, ಹೆಲ್ಮೆಟ್ ಹಾಕುವುದು ತಪ್ಪೇ?

ಇದನ್ನು ಕೇಳುವವರ ಕಣ್ಣಲ್ಲಿ ನೀರಿರುತ್ತದೆ. ತೋಟಕ್ಕೆ ಅಥವಾ ಮೀನುಪೇಟೆಗೆ ಹೋಗಲೇಬೇಕಾದ ತಾಯಿ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, ಮಗನ ಕೈಯನ್ನು ಹಳೆಯ ಸೀರೆಯಿಂದ ಕಂಬಕ್ಕೆ ಕಟ್ಟಿ ಹೋದದ್ದನ್ನು ನಾನು ಬಲ್ಲೆ. ಆಕೆಯನ್ನು ದೂರುವುದು ನನ್ನಿಂದಾಗದು. ಆದರೂ ಹೇಳಲೇಬೇಕು: ಬಹಳ ಹೊತ್ತು ಕಟ್ಟಿದ ಕೈಯ ಸ್ನಾಯುಗಳು ಸೊರಗುತ್ತವೆ, ಕೀಲುಗಳು ಬಿಗಿಯುತ್ತವೆ, ಆ ಕೈ ಹೊಸದನ್ನು ಕಲಿಯುವ ಅವಕಾಶವೂ ಹೋಗುತ್ತದೆ. ಬೆಂಕಿ ಬಿದ್ದರೆ, ಹಾವು ಬಂದರೆ ಅವರಿಗೆ ತಪ್ಪಿಸಿಕೊಳ್ಳುವ ದಾರಿಯಿರುವುದಿಲ್ಲ. ಮೆತ್ತನೆಯ ಹೆಲ್ಮೆಟ್, ಮೊಣಕೈ ಪೂರ್ತಿ ಮಡಚದಂತೆ ತಡೆಯುವ ತೋಳಿನ ಪಟ್ಟಿ ಮುಂತಾದವನ್ನು ವೈದ್ಯರು ಮತ್ತು ಥೆರಪಿಸ್ಟ್ ನೋಡಿ ಹೇಳಿದ ಮೇಲೆ, ಇಂತಿಷ್ಟು ಹೊತ್ತು ಎಂಬ ಮಿತಿಯಲ್ಲಿ, ಕ್ರಮೇಣ ಬಿಡಿಸುವ ಯೋಜನೆಯೊಂದಿಗೆ ಬಳಸಬಹುದು. ನಮ್ಮ ಕರಾವಳಿಯ ಸೆಕೆಯಲ್ಲಿ ಹೆಲ್ಮೆಟಿನೊಳಗೆ ಬೆವರುಸಾಲೆ ಎದ್ದು, ಆ ತುರಿಕೆಗೇ ಮತ್ತೆ ಹೊಡೆದುಕೊಂಡವರಿದ್ದಾರೆ. ಗಂಟೆಗೊಮ್ಮೆ ತೆಗೆದು ಒರೆಸಿ.

ಮಾತ್ರೆಯಿಂದ ಗುಣವಾಗುವುದಿಲ್ಲವೇ?

ಕೆಲವರಿಗೆ ಮಾತ್ರೆಯಿಂದ ನೆರವಾಗುತ್ತದೆ, ಮುಖ್ಯವಾಗಿ ಜೊತೆಗೆ ಖಿನ್ನತೆ, ಆತಂಕ, ನಿದ್ರಾಹೀನತೆ, ಮೂರ್ಛೆರೋಗ ಇದ್ದಾಗ. ರಿಸ್ಪೆರಿಡೋನ್ ಇಂಥ ಸಂದರ್ಭಗಳಲ್ಲಿ ಹೆಚ್ಚಾಗಿ ಬರೆಯುವ ಔಷಧ. ಆದರೆ ಮಾತ್ರೆಯೊಂದೇ ಸಾಕೆಂಬ ನಂಬಿಕೆಗೆ ಆಧಾರ ಗಟ್ಟಿಯಾಗಿಲ್ಲ. ಬೌದ್ಧಿಕ ಅಂಗವೈಕಲ್ಯವಿರುವ 86 ವಯಸ್ಕರ ಆಕ್ರಮಣಕಾರಿ ವರ್ತನೆಯ ಕುರಿತು 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರಿಸ್ಪೆರಿಡೋನ್ ಮತ್ತು ಹ್ಯಾಲೋಪೆರಿಡಾಲ್ ಔಷಧಗಳು ಔಷಧವಿಲ್ಲದ ಹುಸಿ ಗುಳಿಗೆಗಿಂತ ಹೆಚ್ಚಿನ ಪ್ರಯೋಜನ ತೋರಲಿಲ್ಲ. ಆ ಪ್ರಯೋಗ ನಡೆದದ್ದು ಸ್ವಹಾನಿಯ ಬಗ್ಗೆ ಅಲ್ಲ ಎಂಬುದು ನೆನಪಿರಲಿ. ಆದರೂ ಈ ಗುಂಪಿನ ವಯಸ್ಕರಿಗೆ ಮಾತ್ರೆ ಬರೆಯುವಾಗ ಎಚ್ಚರ ಬೇಕೆಂಬುದಕ್ಕೆ ಅದು ಸಾಕ್ಷಿ. ತೂಕ ಏರುವುದು, ಮಂಕು, ಕೈಕಾಲು ಬಿಗಿಯುವುದು, ಒಂದೆಡೆ ಕೂರಲಾಗದ ಚಡಪಡಿಕೆ ಕಂಡರೆ ವೈದ್ಯರಿಗೆ ತಿಳಿಸಿ. ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ನಲವತ್ತು ವರ್ಷ ಕಳೆದ ಮೇಲೆ ಇದೆಲ್ಲ ಫಲಿಸುತ್ತದೆಯೇ?

ಫಲಿಸುತ್ತದೆ, ನಿಧಾನವಾಗಿ. ವಯಸ್ಸಾದಂತೆ ಕಲಿಯುವ ಶಕ್ತಿ ನಿಂತುಹೋಗುವುದಿಲ್ಲ. ಹಳೆಯ ರೂಢಿ ಹೆಚ್ಚು ಆಳವಾಗಿರುತ್ತದೆ ಅಷ್ಟೇ. ಪೂರ್ತಿ ನಿಲ್ಲುತ್ತದೆ ಎಂಬ ಭರವಸೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ದಿನಕ್ಕೆ ನಲವತ್ತು ಇದ್ದದ್ದು ನಾಲ್ಕಾದರೂ ಆ ಮನೆಯ ರಾತ್ರಿಗಳು ಬದಲಾಗುತ್ತವೆ. ಹಾಳೆಯ ಮೇಲಿನ ಬಾಗಿಲನ್ನು ಕಲಿತವರೂ ಮುಂದಿನ ಮಳೆಗಾಲದಲ್ಲಿ, ಹಂಚಿನ ಮೇಲೆ ಹಗಲಿರುಳು ಮಳೆ ಹೊಯ್ಯುವಾಗ, ಒಳಕೋಣೆಯಲ್ಲೂ ಸದ್ದಿನಿಂದ ಬಿಡುಗಡೆಯಿಲ್ಲದೆ ಮತ್ತೆ ಹೊಡೆದುಕೊಳ್ಳತೊಡಗಿದರು. ಕಿವಿಗೆ ಮುಚ್ಚುವ ಹೆಡ್‌ಫೋನ್ ತಂದುಕೊಟ್ಟು, ಅದನ್ನು ಕೇಳುವ ಸನ್ನೆಯೊಂದನ್ನು ಹೊಸದಾಗಿ ಕಲಿಸಬೇಕಾಯಿತು. ಮನೆಯವರೆಲ್ಲ ಒಂದೇ ರೀತಿ ನಡೆದುಕೊಳ್ಳುವುದು ಮುಖ್ಯ. ಆಯಿ ಹಾಳೆಗೆ ಓಗೊಟ್ಟು, ರಜೆಗೆ ಬಂದ ಚಿಕ್ಕಪ್ಪ ಹೊಡೆತಕ್ಕೆ ಓಗೊಟ್ಟರೆ ಕಲಿತದ್ದು ಕರಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಎಲ್ಲಿಗೆ ಹೋಗಬೇಕು?

ದೊಡ್ಡ ಆಸ್ಪತ್ರೆಗಾಗಿ ಈ ಜಿಲ್ಲೆಯ ಜನ ಎಷ್ಟೋ ವರ್ಷಗಳಿಂದ ಕೇಳುತ್ತಲೇ ಇದ್ದಾರೆ, ಆ ಕೊರತೆ ನಮ್ಮಂಥವರಿಗೆ ದಿನವೂ ತಟ್ಟುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ಶುರುಮಾಡಿ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಘಟ್ಟದ ಮೇಲಿನವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ, ಹೆಚ್ಚಿನ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಮಾತು ಮತ್ತು ಶ್ರವಣದ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಪ್ರಯಾಣವೇ ಆಗದವರು 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನವರು ಮಾತಾಡುತ್ತಾರೆ. 2022ರಲ್ಲಿ ಶುರುವಾದ ಈ ಸೇವೆಗೆ ಹಣ ಕೊಡಬೇಕಾಗಿಲ್ಲ. ವರ್ತನಾ ಚಿಕಿತ್ಸೆ ಕೊಡುತ್ತೇವೆ ಎನ್ನುವವರನ್ನು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಗ್ರಾಮ ಪಂಚಾಯ್ತಿಯಲ್ಲಿ ವಿಕಲಚೇತನರಿಗಾಗಿಯೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ), ಮಾಸಾಶನ ಮತ್ತು ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯ ಅರ್ಜಿಗೆ ಅವರ ನೆರವು ಪಡೆಯಿರಿ. ಈ ವಿಮೆ 1 ಲಕ್ಷ ರೂಪಾಯಿಯವರೆಗಿನದು.

ನೋಡಿಕೊಳ್ಳುವ ನಮಗೇ ಸಾಕಾಗಿಹೋಗಿದೆ. ಹೀಗೆ ಅನಿಸುವುದು ಪಾಪವೇ?

ಅಲ್ಲ. ಇಪ್ಪತ್ತು ವರ್ಷ ಸರಿಯಾಗಿ ನಿದ್ದೆ ಮಾಡದ ತಾಯಂದಿರನ್ನು ನಾನು ಬಲ್ಲೆ. ವಾರಕ್ಕೊಂದು ಮಧ್ಯಾಹ್ನ ಬೇರೆಯವರು ಬಂದು ಕೂರುವಂತೆ ಅಕ್ಕ, ತಂಗಿ, ಭಾವ, ಪಕ್ಕದ ಮನೆಯವರ ನಡುವೆ ಪಾಳಿ ಮಾಡಿಕೊಳ್ಳಿ. ಪಾಳಿಗೆ ಬರುವವರಿಗೆ ಸನ್ನೆಗಳನ್ನು ಮೊದಲು ಕಲಿಸಿ. ಕೋಪ ಕೈಗೆ ಬರುತ್ತಿದೆ ಎನಿಸಿದ ಗಳಿಗೆಯಲ್ಲಿ ಅವರನ್ನು ಅಪಾಯವಿಲ್ಲದ ಜಾಗದಲ್ಲಿ ಕೂರಿಸಿ ಅಂಗಳಕ್ಕೆ ಹೋಗಿ ನಿಂತುಕೊಳ್ಳಿ.

ನಮ್ಮ ಕಾಲ ಮುಗಿದ ಮೇಲೆ ಇವರ ಗತಿ?

ಹದಿನೆಂಟು ತುಂಬಿದ ಮೇಲೆ ತಂದೆ ತಾಯಿ ತಾವಾಗಿಯೇ ಕಾನೂನಿನ ಪಾಲಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಟ್ಟು ಪಾಲಕರ ನೇಮಕ ಮಾಡಿಸಿಕೊಳ್ಳಬಹುದು. ನಮ್ಮ ಜಿಲ್ಲೆಗೆ ಅದು ಕಾರವಾರ. ನೀವು ಗಟ್ಟಿಯಾಗಿರುವಾಗಲೇ ಆ ಕೆಲಸ ಮುಗಿಸಿ.

ಕಾನೂನಿನ ಕಾಗದದ ಜೊತೆ ಇನ್ನೊಂದು ಕಾಗದವೂ ಬೇಕು. ಅದನ್ನು ನೀವೇ ಬರೆಯಬೇಕು, ಏಕೆಂದರೆ ಬೇರೆ ಯಾರಿಗೂ ಅದು ಗೊತ್ತಿಲ್ಲ. ಆ ತೋಟದ ಮನೆಯಲ್ಲಿ ಅತ್ತಿಗೆ ಬರೆದು, ಪ್ಲಾಸ್ಟಿಕ್ ಹಾಕಿಸಿ, ಅಡುಗೆಮನೆಯ ಗೋಡೆಗೆ ಅಂಟಿಸಿದ ಪುಟ ಹೀಗಿದೆ: "ಹಾಳೆ ಮುಟ್ಟಿದರೆ ಒಳಗೆ ಹೋಗಬೇಕೆಂದು ಅರ್ಥ, ಕೂಡಲೇ ಹೌದು ಎನ್ನಿ, ಒಂದು ನಿಮಿಷ ಕಾಯಬಲ್ಲರು. ಕಿವಿ ಮುಟ್ಟಿದರೆ ಹೆಡ್‌ಫೋನ್ ಕೊಡಿ. ಹೊಸದಾಗಿ ಹೊಡೆತ ಶುರುವಾದರೆ ಮೊದಲು ಹಲ್ಲು, ಕಿವಿ, ಹೊಟ್ಟೆ ನೋಡಿಸಿ. ಮಿಕ್ಸಿ ಹಾಕುವ ಮೊದಲು ಹೇಳಿ. ಗಂಜಿ ಬಿಸಿಯಿದ್ದರೆ ಉಣ್ಣುವುದಿಲ್ಲ. ರಾತ್ರಿ ದೀಪ ಪೂರ್ತಿ ಆರಿಸಬೇಡಿ."